ಸಾಗರ ತಾಲ್ಲೂಕಿನ ಚರಿತ್ರೆ: ದಾಖಲೆಗಳನ್ನು ಊರುವಾರು ಜೋಡಿಸಿದ ನನ್ನ ಅನುಭವ

ಸಾಗರ ತಾಲ್ಲೂಕಿನ ಚರಿತ್ರೆಯ ಪುಸ್ತಕಕ್ಕೆಂದು ಕಲೆಹಾಕಿದ ಟಿಪ್ಪಣಿ, ನಕಲು, ಕ್ಯಾಸೆಟ್, ಛಾಯಾಚಿತ್ರಗಳನ್ನೆಲ್ಲ ಊರುವಾರು ಜೋಡಿಸಿಡಬೇಕು ಎಂದು ನಾನು ಹೇಳಿದಾಗ ಸಮಿತಿಯಲ್ಲಿ ಒಪ್ಪಿದವರು ಒಬ್ಬಿಬ್ಬರು ಮಾತ್ರ. ವಿಜಯನಗರ, ಕೆಳದಿ, ಹೈದರ್, ಕಮಿಷನರ್ ಆಡಳಿತ ಎಂದು ಕಾಲಕ್ರಮದಲ್ಲಿ ವಿಂಗಡಿಸುವುದೇ ರೂಢಿಯಾಗಿದ್ದು, ಊರಿನ ಹೆಸರಿನಡಿ ಸಿಕ್ಕಿದ್ದನ್ನೆಲ್ಲ ತುಂಬಿದರೆ ಅದು ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ದಫ್ತರವಾದೀತೇ ಹೊರತು ಚರಿತ್ರೆಯಾಗದು ಎಂಬುದು ಹಿರಿಯರೊಬ್ಬರ ಆಕ್ಷೇಪವಾಗಿತ್ತು. ಈಗ ಅವರೇ ತಮ್ಮ ಲೇಖನಗಳಿಗಾಗಿ ನಮ್ಮ ಪೆಟ್ಟಿಗೆಗಳನ್ನು ತೆರೆಸುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ರೂಢಿಯ ಕ್ರಮವನ್ನು ಪ್ರಯತ್ನಿಸದೆ ಬಿಟ್ಟವರಲ್ಲ ನಾವು. ಮೊದಲ ಒಂದೂವರೆ ವರ್ಷ ಅದರಲ್ಲಿಯೇ ಕಳೆಯಿತು, ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿಯೂ ಅದರಲ್ಲಿಯೇ ಕರಗಿತು. ಕೆಳದಿಯ ಕಾಲದ ಪೆಟ್ಟಿಗೆ ತುಂಬಿ ಮುಚ್ಚಳ ಹಾಕಲಾಗದಂತಾಯಿತು. 1763ರಲ್ಲಿ ಹೈದರ್ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಹಿಡಿದ ಮೇಲಿನ ಕೆಲವು ದಶಕಗಳ ಪೆಟ್ಟಿಗೆ ಖಾಲಿ ಬಿದ್ದಿತ್ತು. ಕಾಲ ಗೊತ್ತಾಗದ ಕಾಗದಗಳಿಗೆ ‘ಇತರೆ’ ಎಂಬ ಪೆಟ್ಟಿಗೆ ಮಾಡಿದೆವು. ಕೊನೆಗೆ ಅದೇ ಎಲ್ಲಕ್ಕಿಂತ ದೊಡ್ಡದಾಯಿತು. ಟಿಪ್ಪಣಿಗಳನ್ನು ಕಂಪ್ಯೂಟರಿನ ಹಳೆಯ ‘ನುಡಿ’ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಸಿದ ಸುಮಾರು ನಲವತ್ತು ಸಾವಿರವಂತೂ ನೀರಿಗೆ ಹಾಕಿದಂತಾಯಿತು, ಏಕೆಂದರೆ ಯೂನಿಕೋಡ್‌ಗೆ ಪರಿವರ್ತಿಸಿದಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನ ತಪ್ಪಿ, ಹುಡುಕಿದ ಊರಿನ ಹೆಸರು ಸಿಗುತ್ತಲೇ ಇರಲಿಲ್ಲ. ಅನುದಾನ ಕೇಳಿದ ಕಡೆಯಿಂದ ‘ಯೋಜನೆಯ ಸ್ವರೂಪ ಸ್ಪಷ್ಟವಿಲ್ಲ’ ಎಂಬ ಉತ್ತರ ಬಂದಿತು. ಆ ಪತ್ರವನ್ನೂ ಯೋಜನೆಯ ಕಡತದಲ್ಲಿಯೇ ಇಟ್ಟಿದ್ದೇನೆ.

ಆಮೇಲೆ ಮಾಡಿದ್ದು ಇಷ್ಟು. ಶಾಸನತಜ್ಞ ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಎಂಟನೆಯ ಸಂಪುಟದಲ್ಲಿ ಸಾಗರ ತಾಲ್ಲೂಕಿನ ಶಾಸನಗಳು ಸಿಕ್ಕ ಊರುಗಳು, ಹಳೆಯ ಸರ್ವೆ ನಕ್ಷೆಗಳ ಊರುಗಳು, 1951 ಮತ್ತು 1971ರ ಜನಗಣತಿಯ ಗ್ರಾಮಪಟ್ಟಿಗಳು, ಈ ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಪಟ್ಟಿ ಮಾಡಿದೆ. ಒಂದು ಊರಿಗೆ ಒಂದು ಲಕೋಟೆ, ಒಂದು ಚೀಟಿಗೆ ಒಂದೇ ಸಂಗತಿ. ಚೀಟಿಯ ಬಲಮೇಲ್ತುದಿಯಲ್ಲಿ ಊರು, ಅದರ ಕೆಳಗೆ ತಿಳಿದಿದ್ದರೆ ಸರ್ವೆ ನಂಬರು, ಆಮೇಲೆ ಕಾಲ, ಮೂಲ. ಮನೆಗಳಿಂದ ಎರವಲು ಬಂದ ಕಟ್ಟುಗಳನ್ನು ಮಾತ್ರ ಬಿಚ್ಚಿ ಹಂಚದೆ, ಬಂದ ಕ್ರಮದಲ್ಲಿಯೇ ನಕಲು ತೆಗೆದು ಹಾಗೆಯೇ ಹಿಂದಿರುಗಿಸಿದೆವು. 1961ರ ಕಾಯಿದೆಯಿಂದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಶಾನುಭೋಗ ಮನೆತನಗಳ ಅಟ್ಟದಲ್ಲಿ ಉಳಿದ ದಫ್ತರಗಳಲ್ಲಿ, ಒಂದು ಕಾಗದದ ಅರ್ಥ ಅದರ ಮೇಲೆ ಕೆಳಗೆ ಇದ್ದ ಕಾಗದಗಳಿಂದಲೇ ಎಷ್ಟೋ ಸಲ ಗೊತ್ತಾಗುತ್ತದೆ. ಆ ಅಟ್ಟಗಳನ್ನು ತೆರೆಯುವಂತೆ ಮನೆಯವರನ್ನು ಒಪ್ಪಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ; ಪಕ್ಕದ ಸೊರಬ ತಾಲ್ಲೂಕಿನ ಕೆಲಸವನ್ನೂ ನಾನೇ ಮಾಡಬೇಕೆಂದಿದ್ದೇನೆ.

ಈ ಕ್ರಮದ ಬಲ ಕಾಗೋಡಿನಲ್ಲಿ ಕಂಡಿತು. ಅಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದ ನೆನಪುಗಳನ್ನು ಹಳೆಯ ವಿಂಗಡಣೆಯಲ್ಲಿ ‘ಚಳವಳಿ’ ಎಂದೂ, ಅದೇ ಊರಿನ ಗೇಣಿ ಚೀಟಿಗಳನ್ನು ‘ಕೃಷಿ’ ಎಂದೂ ಬೇರೆ ಬೇರೆ ಇಟ್ಟಿದ್ದೆವು. ಊರುವಾರು ತಂದಾಗ, ಗೇಣಿ ಅಳೆಯುವ ಕೊಳಗದ ಗಾತ್ರದ ಬಗ್ಗೆ ಗೇಣಿದಾರರ ಮನೆಯವರು ಹೇಳಿದ್ದು, ಒಡೆಯರ ಮನೆಯವರು ಹೇಳಿದ್ದು, ಲೆಕ್ಕದ ಚೀಟಿಯಲ್ಲಿ ಬರೆದದ್ದು ಮೂರೂ ಒಂದೇ ಲಕೋಟೆಯಲ್ಲಿ ಕುಳಿತವು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ಗೊತ್ತು. ಕೊಳಗದ ತಕರಾರು ಯಾವ ಗದ್ದೆಯ ಕಣದಲ್ಲಿ ಹೇಗಿತ್ತು ಎಂಬುದನ್ನು ನಮ್ಮ ಪುಸ್ತಕದಷ್ಟು ಬಿಡಿಸಿ ಹೇಳಿದವರು ಕಡಿಮೆ ಎಂದು ನನ್ನ ನಂಬಿಕೆ.

ಮುಳುಗಡೆಯ ಊರುಗಳದ್ದು ಇನ್ನೂ ದೊಡ್ಡ ಲಾಭ. ಹಿರೇಭಾಸ್ಕರ ಅಣೆಕಟ್ಟೆಯ ಕಾಲದಲ್ಲಿ ಒಮ್ಮೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಮತ್ತೊಮ್ಮೆ ನೀರು ಹಿಂದಕ್ಕೆ ಒತ್ತಿದ ಶರಾವತಿ ಕಣಿವೆಯ ಊರುಗಳು ಇಂದಿನ ಪಹಣಿಯಿಂದ ಹೊರಟವನಿಗೆ ಕಾಣುವುದೇ ಇಲ್ಲ. ನಮ್ಮ ಪಟ್ಟಿಯಲ್ಲಿ ಹೆಸರಿದ್ದುದರಿಂದ ಅವುಗಳಿಗೂ ಲಕೋಟೆ ಬಂದಿತು, ಖಾಲಿ ಲಕೋಟೆ ಇದ್ದರೆ ತುಂಬಿಸುವ ಹಟವೂ ಬಂದಿತು. ಬೇರೆ ಬೇರೆ ತಾಲ್ಲೂಕುಗಳಿಗೆ ಚದುರಿಹೋದ ಕುಟುಂಬಗಳಿಂದ ಪರಿಹಾರದ ನೋಟೀಸು, ತೋಟದ ಕ್ರಯಪತ್ರ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಹಕ್ಕಿನ ಕಾಗದಗಳು ಬಂದವು. ಒಂದು ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ಪೂರ್ಣಮಟ್ಟವಾದ 1819 ಅಡಿಗಿಂತ ಬಹಳ ಕೆಳಗಿಳಿದು ಹಿರೇಭಾಸ್ಕರದ ಹಳೆಯ ಕಟ್ಟೆ ಮೇಲೆದ್ದಾಗ, ಸರ್ವೆ ನಕ್ಷೆ ಹಿಡಿದು ಹಳೆಯ ಗಾಡಿರಸ್ತೆಯನ್ನು ಜಿಪಿಎಸ್‌ನಲ್ಲಿ ಗುರುತಿಸಲು ನೋಡಿದೆವು. ಕೆಸರಿನಲ್ಲಿ ಅರ್ಧ ಮೈಲಿಗಿಂತ ಮುಂದೆ ಹೋಗಲಾಗಲಿಲ್ಲ.

ಕಡಿತಗಳ, ಅಂದರೆ ಮಡಿಸಿಟ್ಟ ಬಟ್ಟೆಯ ಲೆಕ್ಕದ ಪುಸ್ತಕಗಳ, ವಿಷಯದಲ್ಲಿ ಒಂದು ಪ್ರಯೋಗವನ್ನು ಹೇಳಬೇಕು. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಈ ಮಡಿಕೆಗಳನ್ನು ಸ್ಕ್ಯಾನರ್‌ಗೆ ಹಾಕಬೇಕೆಂದು ಗುತ್ತಿಗೆಗೆ ಬಂದವರು ಹಟ ಹಿಡಿದರು. ಬರೆಯದೆ ಬಿಟ್ಟಿದ್ದ ಒಂದು ಮಡಿಕೆಯಲ್ಲಿ ನಾನೇ ನಾಲ್ಕು ಸಾಲು ಬರೆದು ಗಾಜಿನ ಮೇಲೆ ಒತ್ತಿ ತೋರಿಸಿದೆ. ಅಕ್ಷರದ ಪುಡಿ ಗಾಜಿಗೆ ಹತ್ತಿತು, ಚರ್ಚೆ ಅಲ್ಲಿಗೆ ಮುಗಿಯಿತು. ಮುಟ್ಟದೆ, ಪಕ್ಕದಿಂದ ಓರೆಯಾಗಿ ಬೀಳುವ ಒಂದೇ ದೀಪದಲ್ಲಿ ಕ್ಯಾಮೆರಾದಿಂದ ತೆಗೆದರೆ ಸಾಕು. ದೀಪದ ಎತ್ತರ, ಓರೆ ಎಷ್ಟೆಂಬುದು ನನ್ನಲ್ಲಿಯೇ ಇರಲಿ.

ಶಕವರ್ಷವಿಲ್ಲದೆ ಸಂವತ್ಸರವನ್ನಷ್ಟೇ ಬರೆದ ಕಾಗದಗಳು ಇನ್ನೊಂದು ತಲೆನೋವು. ‘ಖರ’ ಎಂದರೆ ನಗರ ಪ್ರಾಂತ್ಯದ ರೈತರ ದಂಗೆಯ 1831ರದ್ದೋ, 1891ರದ್ದೋ? ತಿಥಿಯೂ ವಾರವೂ ಇದ್ದರೆ ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳು ತೀರ್ಮಾನಿಸುತ್ತವೆ, ಏಕೆಂದರೆ ಅರುವತ್ತು ವರ್ಷಗಳ ಅಂತರದಲ್ಲಿ ಅದೇ ತಿಥಿಯ ವಾರ ಸಾಮಾನ್ಯವಾಗಿ ಒಂದೆರಡು ದಿನ ಮುಂದಕ್ಕೆ ಸರಿದಿರುತ್ತದೆ. ವಾರವಿಲ್ಲದಿದ್ದರೆ ಹುದ್ದೆಗಳ ಹೆಸರು ನೋಡಬೇಕು, ಬಿಳಿ ವಿಲಾಯಿತಿ ಕಾಗದವಾದರೆ ಬೆಳಕಿಗೆ ಹಿಡಿದು ನೀರಚ್ಚು (ವಾಟರ್‌ಮಾರ್ಕ್) ನೋಡಬೇಕು. ಕೆಲವೊಮ್ಮೆ ಕಾಗದ ತಯಾರಾದ ಇಸವಿಯೇ ಅಲ್ಲಿರುತ್ತದೆ.

ಒಟ್ಟು ಖರ್ಚು ಮೂರು ಲಕ್ಷದ ಆಸುಪಾಸು ಆಗಿರಬೇಕು, ಅದರಲ್ಲಿ ಪುಸ್ತಕದ ಅಚ್ಚಿಗೆ ಹೋದದ್ದು ಅರ್ಧಕ್ಕೂ ಕಡಿಮೆ. ಪುಸ್ತಕ ಬಂದ ಮೇಲೆ ಪೆಟ್ಟಿಗೆಗಳನ್ನು ರದ್ದಿಗೆ ಹಾಕಿ ಜಾಗ ಬಿಡಿಸಬೇಕೆಂದು ಮತ್ತೊಂದು ಸಲಹೆ ಬಂದಿತ್ತು. ಅಷ್ಟರಲ್ಲಿ ಒಂದು ಊರಿನವರು ತಮ್ಮ ಕೆರೆಯ ಬಗ್ಗೆ ನಾವು ಬರೆದದ್ದು ಸುಳ್ಳೆಂದು ಹತ್ತು ಜನ ಕೂಡಿಕೊಂಡು ಬಂದರು. ಅವರು ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಚೀಟಿಯನ್ನೂ, ಅವರ ಊರಿನವರದ್ದೇ ಮನೆಯ ಕಾಗದದ ನಕಲನ್ನೂ ಮುಂದಿಟ್ಟೆ. ರದ್ದಿಯ ಮಾತು ಆಮೇಲೆ ಬಂದಿಲ್ಲ. ಮರದ ಕಪಾಟಿಗೆ ಸಮಿತಿಯೇ ಹದಿನೆಂಟು ಸಾವಿರ ಮಂಜೂರು ಮಾಡಿತು.