ಬಿಸಿಯಾದರೆ ಕಿಡಿ ಮಾಯ: ನನ್ನ ಹಳೇ ಯೆಜ್ಡಿ ದಾರಿಗೆ ಬಂದ ಕಥೆ

ಮೂರು ಮೇಸ್ತ್ರಿಗಳು, ಎರಡು ಕಾಯಿಲ್ (ಬ್ಯಾಟರಿ ವೋಲ್ಟೇಜನ್ನು ಪ್ಲಗ್ ಕಿಡಿಗೆ ಬೇಕಾದಷ್ಟು ಏರಿಸುವ ಭಾಗ), ನಾಲ್ಕು ಕಂಡೆನ್ಸರ್ (ಅಂದರೆ ಕೆಪಾಸಿಟರ್). ಇಷ್ಟಾದ ಮೇಲೂ ಗಾಡಿ ಏಳೆಂಟು ಕಿಲೋಮೀಟರ್ ಓಡಿ ನಿಂತುಬಿಡುತ್ತಿತ್ತು. ಈಗ ಅದೇ ಗಾಡಿ ಏಪ್ರಿಲ್ ಬಿಸಿಲಲ್ಲಿ ಒಂದೇ ಓಟಕ್ಕೆ ಎಂಬತ್ತು ಕಿಲೋಮೀಟರ್ ಹೋಗಿ ಬಂದಿದೆ. ಕಂಡೆನ್ಸರನ್ನು ಎಂಜಿನ್ ಪಕ್ಕದಿಂದ ತೆಗೆದು ಟ್ಯಾಂಕ್ ಕೆಳಗೆ ಹಾಕುತ್ತೇನೆ ಅಂದಾಗ "ಹಂಗೆಲ್ಲ ಮಾಡಿದ್ರೆ ಆಗಲ್ಲ ಸಾರ್" ಅಂದವರೇ ಈಗ ಟ್ಯಾಂಕ್ ಕೆಳಗೆ ಬಗ್ಗಿ ನೋಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1980ರ ಯೆಜ್ಡಿ 250 ಬೈಕ್. 6 ವೋಲ್ಟ್, ಬ್ಯಾಟರಿ ಚಾರ್ಜ್ ಮಾಡುವ ಡೈನಮೊ, ಪಾಯಿಂಟ್. ಪಾಯಿಂಟ್ ಅಂದರೆ ಎಂಜಿನ್ ತಿರುಗಿದಂತೆ ಕಾಯಿಲ್‌ನ ಕರೆಂಟನ್ನು ಕಡಿದು ಸೇರಿಸುವ ಸಣ್ಣ ಸ್ವಿಚ್. ಅದು ತೆರೆಯುವಾಗ ಅಲ್ಲಿ ಬೆಂಕಿ ಹಾರದಂತೆ ತಡೆಯುವುದೇ ಕಂಡೆನ್ಸರ್. ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಹಾಗಾಗಿ ಈಗ ಸಿಗುವ ಸಾಮಾನು ಒಂದೋ ಎಲ್ಲೋ ಉಳಿದಿದ್ದ ಹಳೇ ಸ್ಟಾಕ್, ಇಲ್ಲವೇ ಡೂಪ್ಲಿಕೇಟ್. ಇದು ಗೊತ್ತಿದ್ದೂ "ಹೊಸದು ಹಾಕಿದ್ದೀನಲ್ಲ, ಅದು ಸರಿಯಾಗೇ ಇರುತ್ತೆ" ಅಂತ ನಂಬಿದ್ದೇ ನನಗೆ ಬಿದ್ದ ದೊಡ್ಡ ಪೆಟ್ಟು.

ತೊಂದರೆ ಹೀಗಿತ್ತು. ಬೆಳಿಗ್ಗೆ ಎರಡನೇ ಕಿಕ್ಕಿಗೆ ಸ್ಟಾರ್ಟ್. ಕಾಲು ಗಂಟೆ ಚೆನ್ನಾಗಿ ಓಟ. ಆಮೇಲೆ ಒಂದೆರಡು ಸಲ ಪಟಪಟ ಅಂದು ಆಫ್. ಪ್ಲಗ್ ಬಿಚ್ಚಿ ಹೆಡ್‌ಗೆ ತಾಗಿಸಿ ಕಿಕ್ ಹೊಡೆದರೆ ಕರೆಂಟೇ ಇಲ್ಲ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗೇ ಇಲ್ಲ ಅನ್ನುವಂತೆ ಮತ್ತೆ ಸ್ಟಾರ್ಟ್.

ಮೊದಲನೇ ಮೇಸ್ತ್ರಿ ಕಾಯಿಲ್ ಅಂದರು. ಬದಲಾಯಿಸಿದೆ, ಸುಮಾರು 850 ರೂಪಾಯಿ. ಕಿಡಿ ಮೊದಲಿಗಿಂತ ಮಂಕಾಯಿತು. ಮನೆಗೆ ತಂದು ಪ್ರೈಮರಿ (ಬ್ಯಾಟರಿ ಕರೆಂಟ್ ಹರಿಯುವ ಸುರುಳಿ) ಅಳೆದರೆ ಮೂರು ಓಮ್ ದಾಟುತ್ತಿದೆ. ಹಳೇ 6 ವೋಲ್ಟ್ ಕಾಯಿಲ್‌ನದು ಅದರ ಅರ್ಧದಷ್ಟಿತ್ತು. ಕೊಟ್ಟದ್ದು 12 ವೋಲ್ಟಿನ ಕಾಯಿಲ್! ಇನ್ನೊಂದು ತಂದೆ, ಮತ್ತೆ ಅಷ್ಟೇ ದುಡ್ಡು. ಎರಡನೆಯವರು ಬ್ಯಾಟರಿ ಅಂದರು, 1100 ಹೋಯಿತು. ಮೂರನೆಯವರು ಆರ್ಮೇಚರ್ (ಡೈನಮೊ ಒಳಗೆ ತಿರುಗುವ ತಂತಿ ಸುರುಳಿ) ಹೊಸದಾಗಿ ಸುತ್ತಿಸಬೇಕು, ಎರಡೂವರೆ ಸಾವಿರ ಆಗುತ್ತೆ ಅಂದರು. ಅಷ್ಟರಲ್ಲಿ ಪಾಯಿಂಟ್ ಸೆಟ್, ಪ್ಲಗ್, ಕಂಡೆನ್ಸರ್, ಕೂಲಿ ಎಲ್ಲ ಸೇರಿ ಐದು ಸಾವಿರದ ಹತ್ತಿರ ಹೋಗಿತ್ತು. ಡೈನಮೊ ಚಾರ್ಜ್ ಚೆನ್ನಾಗಿಯೇ ಕೊಡುತ್ತಿರುವಾಗ ಆರ್ಮೇಚರ್ ಯಾಕೆ ಸುತ್ತಿಸಬೇಕು? ಗಾಡಿ ವಾಪಸ್ ತಂದು ನಾನೇ ಕೂತೆ.

ಮೊದಲು ಹಿಡಿದದ್ದು ವೋಲ್ಟೇಜ್. ಬ್ಯಾಟರಿಯಲ್ಲಿ 6.2, ಕಾಯಿಲ್ ಹತ್ತಿರ 4.8ರ ಆಸುಪಾಸು. ಇದನ್ನು ಪಾಯಿಂಟ್ ಮುಚ್ಚಿಕೊಂಡಿರುವಾಗಲೇ ಅಳೆಯಬೇಕು. ತೆರೆದಿದ್ದರೆ ಕರೆಂಟ್ ಹರಿಯುವುದೇ ಇಲ್ಲ, ಮೀಟರ್ ಪೂರ್ತಿ ಆರು ತೋರಿಸಿ ನಮ್ಮನ್ನು ಯಾಮಾರಿಸುತ್ತದೆ. 12 ವೋಲ್ಟ್ ಗಾಡಿಯಲ್ಲಿ ಒಂದೂವರೆ ವೋಲ್ಟ್ ಹೋದರೆ ಹೇಗೋ ನಡೆಯುತ್ತೆ. 6 ವೋಲ್ಟಿನಲ್ಲಿ ಅದು ಕಾಲು ಭಾಗ, ಅಲ್ವಾ? ಹೆಡ್‌ಲೈಟ್ ಮೇಲಿನ ಕೀ ಸ್ವಿಚ್ ಬಿಚ್ಚಿದೆ. ಒಳಗಿನ ಹಿತ್ತಾಳೆ ಪತ್ತಿಗಳು ಹಸಿರುಗಟ್ಟಿದ್ದವು. ಉಜ್ಜಿ, ದಪ್ಪ ವೈರ್ ಎಳೆದೆ, 5.8ಕ್ಕೆ ಬಂತು. ಬೆಳಗಿನ ಸ್ಟಾರ್ಟ್ ಒಂದೇ ಕಿಕ್ಕಿಗೆ ಇಳಿಯಿತು. ಆದರೆ ಬಿಸಿಯಾದ ಮೇಲೆ ನಿಲ್ಲುವುದು ಮಾತ್ರ ನಿಲ್ಲಲಿಲ್ಲ.

ಆಗ ಒಂದು ಸಂಜೆ ಗಾಡಿಯನ್ನು ಬೇಕಂತಲೇ ಓಡಿಸಿ ಸಾಯಿಸಿದೆ. ಪಾಯಿಂಟ್ ಇರುವ ಬಲಗಡೆ ಕವರ್ ಬಿಚ್ಚಿ, ಲೈಟ್ ಆರಿಸಿ, ಕತ್ತಲಲ್ಲಿ ಕಿಕ್ ಹೊಡೆದೆ. ಪ್ಲಗ್‌ನಲ್ಲಿ ಏನೂ ಇಲ್ಲ. ಪಾಯಿಂಟ್ ಮಧ್ಯೆ ಮಾತ್ರ ನೀಲಿ ಬೆಂಕಿ ಛಟ್ ಅಂತ ಹಾರುತ್ತಿದೆ! ತಣ್ಣಗಿದ್ದಾಗ ಅಲ್ಲಿ ಸೂಜಿಮೊನೆಯಷ್ಟು ಮಿಣುಕು, ಅಷ್ಟೇ. ಪಾಯಿಂಟ್ ಬಿಚ್ಚಿ ಭೂತಗನ್ನಡಿ ಹಿಡಿದೆ. ಒಂದು ಮುಖದಲ್ಲಿ ಸಣ್ಣ ಗುಳಿ, ಎದುರಿನ ಮುಖದಲ್ಲಿ ಅದಕ್ಕೆ ಸರಿಯಾಗಿ ಕೂರುವ ಮೊಡವೆಯಂಥ ಗುಬುಟು. ಸುತ್ತ ಕರಿನೀಲಿ ಬಣ್ಣ. ಕಂಡೆನ್ಸರ್ ಕೈಕೊಟ್ಟಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದರೆ ಅದು ಹೊಸ ಕಂಡೆನ್ಸರ್, ಮೀಟರ್‌ನಲ್ಲಿ 0.22 ಮೈಕ್ರೋಫ್ಯಾರಡ್ ತೋರಿಸುತ್ತಿತ್ತು. ಮನೆಯವರ ಹೇರ್ ಡ್ರೈಯರ್ ತಂದು ಐದು ನಿಮಿಷ ಬಿಸಿ ಮಾಡಿದೆ. ಮುಟ್ಟಲು ಆಗದಷ್ಟು ಬಿಸಿಯಾದಾಗ ಮೀಟರ್ ಸೊನ್ನೆಗೆ ಬಿತ್ತು. ಆರಿದ ಮೇಲೆ ಮತ್ತೆ 0.22. ಸಿಕ್ಕಿಬಿತ್ತು! ಪೆಟ್ಟಿಗೆಯಲ್ಲಿದ್ದ ನಾಲ್ಕಕ್ಕೂ ಅದೇ ಪರೀಕ್ಷೆ ಮಾಡಿದೆ. ಎರಡು ಫೇಲ್. ಒಂದು ಬಿಸಿಯಲ್ಲೂ ಸರಿಯಾದ ಅಂಕಿ ತೋರಿಸಿತು, ಆದರೆ ಗಾಡಿಗೆ ಹಾಕಿದರೆ ಕಿಡಿ ಸಾಯುತ್ತಿತ್ತು. ಮೀಟರ್ ನೋಡುವುದು ಕೆಲವೇ ವೋಲ್ಟಿನಲ್ಲಿ. ಪಾಯಿಂಟ್ ತೆರೆದ ಕ್ಷಣ ಕಂಡೆನ್ಸರ್ ಮೇಲೆ ಬೀಳುವುದು ಇನ್ನೂರು ಮುನ್ನೂರು ವೋಲ್ಟ್. ಆ ಹೊಡೆತಕ್ಕೆ ಅದರೊಳಗೆ ಕರೆಂಟ್ ಸೋರುತ್ತದೆ. ಅದಕ್ಕೇ ಈ ವಿಷಯದಲ್ಲಿ ನಾನು ಮೀಟರನ್ನು ಅರ್ಧ ಮಾತ್ರ ನಂಬುತ್ತೇನೆ.

ನಾಲ್ಕನೆಯದು ಪಾಸಾಯಿತು. ಆದರೆ ಅದನ್ನೂ ಎಂಜಿನ್ ಪಕ್ಕದ ಅದೇ ಒಲೆಯೊಳಗೆ ಕೂರಿಸಿದರೆ ಎಷ್ಟು ದಿನ? ಕಂಡೆನ್ಸರನ್ನೇ ಹೊರಗೆ ತರಬೇಕು ಅಂದುಕೊಂಡೆ. ಇದಕ್ಕೇ ಎಲ್ಲರೂ ತಲೆ ಅಲ್ಲಾಡಿಸಿದ್ದು. "ಪಾಯಿಂಟ್ ಪಕ್ಕದಲ್ಲೇ ಇರ್ಬೇಕು, ದೂರ ಹೋದ್ರೆ ಕೆಲಸ ಮಾಡಲ್ಲ" ಅಂದರು. ಪಾಯಿಂಟ್‌ನಿಂದ ಕಾಯಿಲ್‌ಗೆ ಹೋಗುವ ವೈರ್ ಒಂದೇ ತಾನೆ? ಅದರ ಈ ತುದಿಗೆ ಹಾಕಿದರೇನು, ಆ ತುದಿಗೆ ಹಾಕಿದರೇನು! ಟ್ಯಾಂಕ್ ಕೆಳಗೆ ಗಾಳಿ ಬೀಳುವ ಕಡೆ, ಕಾಯಿಲ್‌ನ ಪಾಯಿಂಟ್ ಬದಿಯ ಟರ್ಮಿನಲ್‌ಗೆ ಸೇರಿಸಿದೆ.

ಮೊದಲ ದಿನ ಕಿಡಿಯೇ ಇಲ್ಲ. ಆ ರಾತ್ರಿ ಹನ್ನೊಂದೂವರೆವರೆಗೆ ಒದ್ದಾಡಿದೆ. ಪಾಯಿಂಟ್ ಬೋಲ್ಟಿನ ಫೈಬರ್ ವಾಷರ್ ಹಿಂದೆಮುಂದೆ ಹಾಕಿ ಎಂಜಿನ್ ಮೈಗೆ ಶಾರ್ಟ್ ಮಾಡಿದ್ದೆ. ಅದು ಸರಿಹೋದ ಮೇಲೂ ಕಿಡಿ ಮಂಕು. ಫ್ರೇಮ್‌ಗೆ ಪೌಡರ್ ಕೋಟಿಂಗ್ ಮಾಡಿಸಿದ್ದೆ, ಕಂಡೆನ್ಸರ್ ಮೈಗೆ ಅರ್ತ್ ಸಿಗುತ್ತಿರಲಿಲ್ಲ. ಬೋಲ್ಟ್ ಕೂರುವ ಜಾಗ ಕೆರೆದು ಲೋಹ ಕಾಣಿಸಿದ ಮೇಲೆ ಪ್ಲಗ್ ವೈರ್ ತುದಿಯಿಂದ ಹೆಡ್‌ಗೆ ಐದಾರು ಮಿಲಿಮೀಟರ್ ಬಿಳಿನೀಲಿ ಕಿಡಿ ಟಕ್ ಟಕ್ ಅಂತ ಹಾರಿತು.

ನಡುವೆ ಕುತೂಹಲಕ್ಕೆ ಸೀಲಿಂಗ್ ಫ್ಯಾನ್ ಕಂಡೆನ್ಸರ್ ಕೂಡ ಹಾಕಿ ನೋಡಿದೆ, 2.5 ಮೈಕ್ರೋಫ್ಯಾರಡ್. ಪಾಯಿಂಟ್‌ನಲ್ಲಿ ಒಂಚೂರೂ ಬೆಂಕಿ ಇಲ್ಲ, ತುಂಬಾ ಶಾಂತ. ಆದರೆ ಪ್ಲಗ್‌ನಲ್ಲೂ ಶಾಂತವೇ. ಕಂಡೆನ್ಸರ್ ಹತ್ತು ಪಟ್ಟು ದೊಡ್ಡದಾದರೆ ಕಾಯಿಲ್ ಜೋರಾಗಿ ಒದೆಯುವುದಿಲ್ಲ. ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 0.22ರ, 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಸಿಕ್ಕಿತು. ಒಂದಕ್ಕೆ ಮೂವತ್ತು ರೂಪಾಯಿಯೋ ಏನೋ. ಈಗ ಗಾಡಿಯಲ್ಲಿ ಇರುವುದು ಅದೇ. ಅಲುಗಾಟಕ್ಕೆ ಕಾಲು ಮುರಿಯದಂತೆ ಅದನ್ನು ಯಾವುದರೊಳಗೆ ಕೂರಿಸಿ ಏನು ತುಂಬಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮೂರು ಸಲ ಮುರಿದ ಮೇಲೆ ಕಲಿತದ್ದು ಅದು. ವೈರ್, ಲಗ್ ಎಲ್ಲ ಸೇರಿ ನೂರೈವತ್ತು ದಾಟಲಿಲ್ಲ.

ಆರ್ಮೇಚರ್ ಸುತ್ತಿಸಿ ಅಂದಿದ್ದ ಮೇಸ್ತ್ರಿಯನ್ನೇ ಹಿಂದೆ ಕೂರಿಸಿಕೊಂಡು ಘಾಟಿ ಹತ್ತಿಸಿದೆ. ಮೇಲೆ ಹೋಗಿ ಆಫ್ ಮಾಡಿ, ಎಂಜಿನ್ ಸುಡುತ್ತಿರುವಾಗಲೇ "ನೀವೇ ಹೊಡೀರಿ" ಅಂದೆ. ಮೊದಲ ಕಿಕ್. ಅವರು ಏನೂ ಮಾತಾಡಲಿಲ್ಲ. ಮಾರನೇ ವಾರ ಒಂದು ಜಾವಾ ತಂದು ನನ್ನ ಮನೆ ಮುಂದೆ ನಿಲ್ಲಿಸಿದರು.

ಅಲ್ಲಿಂದ ಈಚೆಗೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಆಗಿದೆ. ಹೋದ ಭಾನುವಾರ ಕವರ್ ಬಿಚ್ಚಿ ನೋಡಿದೆ. ಪಾಯಿಂಟ್ ಮುಖ ಬೂದುಬಣ್ಣಕ್ಕೆ ತಿರುಗಿ ಸಮವಾಗಿದೆ. ಗುಳಿ ಇಲ್ಲ, ಗುಬುಟಿಲ್ಲ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇಟ್ಟಿದ್ದದ್ದು 0.35ಕ್ಕೆ ಬಂದಿತ್ತು. ಸರಿ ಮಾಡಿ, ಪಾಯಿಂಟ್ ತೆರೆಸುವ ಕ್ಯಾಮ್‌ಗೆ ಎಣ್ಣೆ ಸವರುವ ಫೆಲ್ಟಿಗೆ ಎರಡು ಹನಿ ಎಣ್ಣೆ ಬಿಟ್ಟು ಕವರ್ ಮುಚ್ಚಿದೆ.