‘ಮುದ್ದೆ ಎಷ್ಟು ಹೋಗ್ತಿದೆ?’: ಟಿಬಿ ಮಾತ್ರೆಯಿಂದ ಲಿವರ್ ಕೆಟ್ಟಾಗ ನಾನು ಅನುಸರಿಸುವ ಕ್ರಮ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಟಿಬಿ ಮಾತ್ರೆ ನುಂಗುವವರಿಗೆ ವಾಕರಿಕೆ ಬಂದರೆ ಮನೆಯಲ್ಲಿ ಮೊದಲು ಬರುವ ಮಾತು ‘ಪಿತ್ತ ಕೆದರಿದೆ’, ಇಲ್ಲವೇ ‘ಮಾತ್ರೆ ಹೀಟು, ಮಜ್ಜಿಗೆ ಕುಡಿ’. ಹಾಗೆ ಹೇಳಿಕೊಂಡೇ ಹತ್ತು ದಿನ ಕಳೆಯುತ್ತದೆ. ಕೆಡುತ್ತಿರುವ ಲಿವರ್ ಮೇಲೆ ಆ ಹತ್ತು ದಿನವೂ ಮಾತ್ರೆ ಬೀಳುತ್ತಲೇ ಇರುತ್ತದೆ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ರಿಪೋರ್ಟಿಗಿಂತ ಮೊದಲು ನಾನು ನಂಬುವುದು ಊಟದ ಲೆಕ್ಕವನ್ನು.

ಮೊದಲ ಎರಡು ತಿಂಗಳು ಕೊಡುವ ಒಂದು ಮಾತ್ರೆಯಲ್ಲಿ ನಾಲ್ಕು ಔಷಧಿ ಸೇರಿವೆ: ಐಸೋನಿಯಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬ್ಯುಟಾಲ್ 275 ಮಿಲಿಗ್ರಾಂ. ಮೊದಲ ಮೂರೂ ಲಿವರ್‌ಗೆ ತೊಂದರೆ ಕೊಡಬಲ್ಲವು, ಅದರಲ್ಲಿ ಪೈರಜಿನಮೈಡ್ ಕೊಡುವ ಪೆಟ್ಟು ಜೋರು. ಎಥಾಂಬ್ಯುಟಾಲ್ ಲಿವರ್ ತಂಟೆಗೆ ಹೋಗುವುದಿಲ್ಲ, ಅದರ ತೊಂದರೆ ಕಣ್ಣಿಗೆ. ಮಾತ್ರೆಯ ಸಂಖ್ಯೆ ತೂಕದ ಮೇಲೆ: 25ರಿಂದ 34 ಕೆ.ಜಿ.ಗೆ 2, 35ರಿಂದ 49ಕ್ಕೆ 3, 50ರಿಂದ 64ಕ್ಕೆ 4. ಇಲ್ಲೇ ಒಂದು ತಪ್ಪು ನಡೆಯುತ್ತದೆ. ‘ಮೊದ್ಲು ಐವತ್ತೆರಡು ಕೆಜಿ ಇದ್ದೆ ಸಾರ್’ ಎಂದದ್ದನ್ನೇ ಕಾರ್ಡಿನಲ್ಲಿ ಬರೆದುಕೊಂಡರೆ, ಕಾಯಿಲೆಯಿಂದ 43ಕ್ಕೆ ಇಳಿದ ದೇಹಕ್ಕೆ ದಿನಾ ಒಂದು ಮಾತ್ರೆ ಹೆಚ್ಚು ಬೀಳುತ್ತದೆ. ಚಪ್ಪಲಿ ಬಿಡಿಸಿ, ತಕ್ಕಡಿ ಮೇಲೆ ನಿಲ್ಲಿಸಿಯೇ ಬರೆಯುತ್ತೇನೆ.

ಶುರು ಮಾಡುವ ಮೊದಲೇ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ), ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣದ ಅಂಶ), ಅಲ್ಬುಮಿನ್ (ಸೊರಗಿದವರಲ್ಲಿ ಕಡಿಮೆಯಿರುವ ರಕ್ತದ ಪ್ರೋಟೀನ್), ಹೆಪಟೈಟಿಸ್ ಬಿ, ಎಚ್‌ಐವಿ ಮಾಡಿಸುತ್ತೇನೆ. ವಯಸ್ಸಾದವರು, ಕುಡಿಯುವವರು, ತೀರಾ ಸೊರಗಿದವರು ಇದ್ದರೆ ಎರಡು ವಾರಕ್ಕೊಮ್ಮೆ ರಕ್ತ ನೋಡಬೇಕು. ತೊಂದರೆ ಯಾವಾಗ ಬೇಕಾದರೂ ಬರಬಹುದು, ಆದರೆ ಹೆಚ್ಚು ಕಾಣುವುದು ಮೊದಲ ಎರಡು ತಿಂಗಳಲ್ಲಿ. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಪ್ಯಾರಾಸಿಟಮಾಲ್ ಎಷ್ಟು ಎಂದೂ ಕೇಳಿಕೊಳ್ಳಬೇಕು. ಹಮಾಲಿ ಕೆಲಸದವರು ದಿನಕ್ಕೆ ನಾಲ್ಕೈದು ನುಂಗುವುದುಂಟು.

‘ಏನಾದ್ರೂ ತೊಂದ್ರೆ ಇದೆಯಾ’ ಎಂದು ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ‘ಅಜ್ಜಾ, ಮುದ್ದೆ ಎಷ್ಟು ಹೋಗ್ತಿದೆ? ಹೋದ ವಾರ ಎಷ್ಟು ಉಣ್ತಿದ್ರಿ?’ ಅಂದರೆ ಉತ್ತರ ಸಿಗುತ್ತದೆ. ಒಂದೂವರೆ ಮುದ್ದೆ ಅರ್ಧಕ್ಕೆ ಇಳಿದಿದ್ದರೆ ಅಂದೇ ರಕ್ತ ತೆಗೆಯಬೇಕು. ಮಾತ್ರೆಯ ಬರಿಯ ವಾಕರಿಕೆ ನುಂಗಿದ ಒಂದೆರಡು ಗಂಟೆ ಕಾಡಿ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಲಿವರ್‌ನದು ಇಡೀ ದಿನ ಇರುತ್ತದೆ, ಪಕ್ಕದ ಮನೆಯ ಒಗ್ಗರಣೆ ವಾಸನೆಗೂ ಹೊಟ್ಟೆ ತೊಳೆಸುತ್ತದೆ. ಜೊತೆಗೆ ಬಲಪಕ್ಕೆಲುಬಿನ ಕೆಳಗೆ ಭಾರ, ಎದ್ದು ಕೂರಲಾಗದ ಸುಸ್ತು.

ಮೂತ್ರದ ಬಣ್ಣದಲ್ಲಿ ಎಲ್ಲರೂ ಎಡವುತ್ತಾರೆ. ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಕೆಂಪು ಮಾಡುತ್ತದೆ, ಅದು ಸಹಜ. ಅದನ್ನೇ ಕಾಮಾಲೆ ಎಂದು ಹೆದರಿ ಮಾತ್ರೆ ಬಿಟ್ಟವರಿದ್ದಾರೆ, ‘ಅದು ಮಾತ್ರೆ ಬಣ್ಣ’ ಎಂದು ನಿಜವಾದ ಕಾಮಾಲೆಯನ್ನೇ ಕಡೆಗಣಿಸಿದವರೂ ಇದ್ದಾರೆ. ಬೆಳಿಗ್ಗೆ ಮಾತ್ರೆಗೆ ಮುಂಚೆ ಪಾರದರ್ಶಕ ಬಾಟಲಿಯಲ್ಲಿ ಮೂತ್ರ ಹಿಡಿಸಿ ನೋಡಿ. ಹಿಂದಿನ ದಿನದ ಮಾತ್ರೆ ಬಣ್ಣ ಅಷ್ಟರಲ್ಲಿ ಬಹುಪಾಲು ತಿಳಿಯಾಗಿರಬೇಕು. ಆಗಲೂ ಕಡುಚಹಾದಂತೆ ಇದ್ದರೆ ಅನುಮಾನ ಪಡಬೇಕು. ಕಣ್ಣನ್ನು ಟ್ಯೂಬ್‌ಲೈಟ್ ಕೆಳಗೆ ನೋಡಿ ಪ್ರಯೋಜನವಿಲ್ಲ. ಜಗುಲಿಗೆ ಕರೆತಂದು, ಬಿಸಿಲ ಬೆಳಕಿಗೆ ಮುಖ ಮಾಡಿಸಿ, ಕೆಳಗೆ ನೋಡಲು ಹೇಳಿ ಮೇಲಿನ ರೆಪ್ಪೆ ಎತ್ತುತ್ತೇನೆ. ಬಿಳಿಗುಡ್ಡೆಯ ಮೇಲ್ಭಾಗದಲ್ಲಿ ನಸುಹಳದಿ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಅನುಮಾನ ಬಂದ ದಿನವೇ ಮಾತ್ರೆ ನಿಲ್ಲಿಸಿ, ರಿಪೋರ್ಟ್ ಆಮೇಲೆ ಬರಲಿ. ಎಸ್‌ಜಿಪಿಟಿ ಮೇಲ್ಮಿತಿ 40 ಎಂದಿಟ್ಟುಕೊಂಡರೆ, ಲಕ್ಷಣಗಳಿದ್ದು 120 ದಾಟಿದರೆ, ಅಥವಾ ಏನೂ ಲಕ್ಷಣವಿಲ್ಲದೆ 200 ದಾಟಿದರೆ ಲಿವರ್‌ಗೆ ತೊಂದರೆ ಕೊಡುವ ಆ ಮೂರೂ ಔಷಧಿ ಬಂದ್. ಬಿಲಿರುಬಿನ್ ಏರಿ ಕಾಮಾಲೆ ಕಂಡರೂ ಅಷ್ಟೇ. 70, 80 ಬಂದು ಊಟ ಚೆನ್ನಾಗಿದ್ದರೆ ನಿಲ್ಲಿಸುವುದಿಲ್ಲ, ವಾರಕ್ಕೊಮ್ಮೆ ನೋಡುತ್ತೇನೆ. ಅಷ್ಟು ಏರಿಕೆ ಅನೇಕರಲ್ಲಿ ತಾನಾಗಿ ಇಳಿಯುತ್ತದೆ. ಹೆಪಟೈಟಿಸ್ ಎ, ಇ ಕೂಡ ನೋಡಬೇಕು, ಎಲ್ಲ ಕಾಮಾಲೆಯನ್ನೂ ಮಾತ್ರೆ ಮೇಲೆ ಹೊರಿಸಬಾರದು. ಮಂಪರು, ತಡಬಡಿಸುವ ಮಾತು, ವಸಡಿನಲ್ಲಿ ರಕ್ತ, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ 1.5ಕ್ಕಿಂತ ಹೆಚ್ಚು: ಇವುಗಳಲ್ಲಿ ಯಾವುದಿದ್ದರೂ ಆ ಕ್ಷಣವೇ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಆಂಬ್ಯುಲೆನ್ಸ್‌ನಲ್ಲಿ ಕಳಿಸಬೇಕು. ಕಾಮಾಲೆಗೆ ಬರೆ ಹಾಕಿಸಿದ್ದಾರಾ, ನಾಟಿ ಔಷಧಿ ಕುಡಿದಿದ್ದಾರಾ ಎಂದು ಗದರದೆ ಕೇಳಿ. ಗದರಿದರೆ ಮುಚ್ಚಿಡುತ್ತಾರೆ. ಲಿವರ್ ಟಾನಿಕ್ ನಾನು ಬರೆಯುವುದಿಲ್ಲ. ಆ ದುಡ್ಡಿಗೆ ಮೊಟ್ಟೆ ಬರುತ್ತದೆ.

ನಿಲ್ಲಿಸುವುದು ಸುಲಭ. ಎಷ್ಟೋ ಕಡೆ ಚಿಕಿತ್ಸೆ ದಾರಿ ತಪ್ಪುವುದು ಮತ್ತೆ ಶುರು ಮಾಡುವಾಗ. ಕಣ್ಣು ತಿಳಿಯಾಯಿತೆಂದು ಅದೇ ಹಳೆಯ ಸ್ಟ್ರಿಪ್ ಕೈಗಿಟ್ಟರೆ, ಮತ್ತೆ ಏರಿದಾಗ ಯಾವ ಔಷಧಿಯದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಇರುವುದು ಕೂಡುಮಾತ್ರೆ ಮಾತ್ರ. ಬಿಡಿ ಮಾತ್ರೆ ಜಿಲ್ಲಾ ಕ್ಷಯರೋಗ ಕೇಂದ್ರದಿಂದ ತರಿಸಬೇಕು, ನಿಲ್ಲಿಸಿದ ದಿನವೇ ಬೇಡಿಕೆ ಕಳಿಸಿಬಿಡುತ್ತೇನೆ. ಎಸ್‌ಜಿಪಿಟಿ 80ಕ್ಕಿಂತ ಕೆಳಗಿಳಿದು ಬಿಲಿರುಬಿನ್ ಸರಿಯಾಗಲು ಸಾಮಾನ್ಯವಾಗಿ ಎರಡು ಮೂರು ವಾರ ಬೇಕು. ಟಿಬಿ ಜೋರಾಗಿದ್ದು ಅಷ್ಟು ಕಾಯಲಾಗದಿದ್ದರೆ ಎಥಾಂಬ್ಯುಟಾಲ್, ಲಿವೊಫ್ಲಾಕ್ಸಸಿನ್, ಒಂದು ಇಂಜೆಕ್ಷನ್ ಸೇರಿಸಿದ ತಾತ್ಕಾಲಿಕ ಚಿಕಿತ್ಸೆಯನ್ನು ಜಿಲ್ಲಾಸ್ಪತ್ರೆ ತಜ್ಞರು ನಿರ್ಧರಿಸುತ್ತಾರೆ.

45 ಕೆ.ಜಿ.ಯವರಿಗೆ ನನ್ನ ಕ್ರಮ: ಮೊದಲು ರಿಫಾಂಪಿಸಿನ್ 450 ಜೊತೆ ಎಥಾಂಬ್ಯುಟಾಲ್ 800. ಏಳನೇ ದಿನ ರಕ್ತ. ಸರಿಯಿದ್ದರೆ ಐಸೋನಿಯಜಿಡ್ 100ರಿಂದ ಶುರು ಮಾಡಿ ಮೂರು ದಿನದಲ್ಲಿ ಪೂರ್ಣ ಡೋಸ್, ಮತ್ತೆ ಏಳು ದಿನಕ್ಕೆ ರಕ್ತ. ಏರಿದರೆ ಕೊನೆಗೆ ಸೇರಿಸಿದ್ದೇ ಕಾರಣ, ಅದನ್ನು ತೆಗೆದು ತಜ್ಞರ ಬಳಿ ಹೋಗಬೇಕು. ಕಾಮಾಲೆ ಜೋರಾಗಿ ಬಂದಿದ್ದವರಿಗೆ ಪೈರಜಿನಮೈಡ್ ಮತ್ತೆ ಕೊಡುವುದಿಲ್ಲ, ಉಳಿದ ಮೂರನ್ನೇ ಒಟ್ಟು 9 ತಿಂಗಳಿಗೆ ಎಳೆಯುತ್ತೇವೆ. ಬೇರೆ ಕ್ರಮಗಳೂ ಇವೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ ಏಮ್ಸ್ ವೈದ್ಯರು 175 ರೋಗಿಗಳಲ್ಲಿ ಮೂರು ಕ್ರಮಗಳನ್ನು ಹೋಲಿಸಿದಾಗ 19 ಜನರಿಗೆ ತೊಂದರೆ ಮರುಕಳಿಸಿತು, ಕ್ರಮದಿಂದ ಕ್ರಮಕ್ಕೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮರುಕಳಿಕೆಗೆ ನಂಟಿದ್ದದ್ದು ಚಿಕಿತ್ಸೆಗೆ ಮೊದಲಿನ ಅಲ್ಬುಮಿನ್ ಮಟ್ಟಕ್ಕೆ. ಟಿಬಿ ರೋಗಿಗಳ ಪೌಷ್ಟಿಕ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣೆಯ ತಿಂಗಳ 1000 ರೂಪಾಯಿ ಖಾತೆಗೆ ಬಂತಾ ಎಂದು ಪ್ರತಿ ಸಲ ಕೇಳುವುದು ಅದಕ್ಕೇ.

ಮೂರೂ ಒಗ್ಗಿದ ಮೇಲೆ ಮೂರು ಔಷಧಿಯ ಕೂಡುಮಾತ್ರೆಗೆ ಬದಲಾಯಿಸಬಹುದು. ಅದನ್ನು ಕೊಡುವ ದಿನ ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸಿ, ಗೂಡಿನಲ್ಲೋ ದೇವರ ಪಟದ ಹಿಂದೆಯೋ ಉಳಿದಿರುವ ನಾಲ್ಕು ಔಷಧಿಯ ಹಳೆಯ ಸ್ಟ್ರಿಪ್‌ಗಳನ್ನು ಎಣಿಸಿ ವಾಪಸ್ ತರಿಸುತ್ತೇನೆ. ಹೊಸದು ಮುಗಿದ ದಿನ ಮನೆಯವರ ಕೈ ಹೋಗುವುದು ಅದೇ ಸ್ಟ್ರಿಪ್ಪಿಗೆ.