ಸ್ಟೀಮ್‌ಪಂಕ್ ಶೈಲಿಯ ಜಾಲತಾಣ: ಹಲ್ಲುಚಕ್ರದಿಂದ ಕನ್ನಡ ಅಕ್ಷರದವರೆಗೆ

ಸ್ಟೀಮ್‌ಪಂಕ್ ಎಂಬ ಹೆಸರು ಬಳಕೆಗೆ ಬಂದದ್ದು 1987ರಲ್ಲಾದರೂ ಅದು ನೋಡುವುದು ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನ ಕಡೆಗೆ. ವಿದ್ಯುತ್ತು, ಪ್ಲಾಸ್ಟಿಕ್ಕುಗಳ ಕಾಲ ಬರದೆ ಹಬೆ, ಹಿತ್ತಾಳೆ ಮತ್ತು ಎರಕದ ಕಬ್ಬಿಣಗಳೇ ಇಂದಿನವರೆಗೂ ಮುಂದುವರಿದಿದ್ದರೆ ನಮ್ಮ ಸಲಕರಣೆಗಳು ಹೇಗಿರುತ್ತಿದ್ದವು ಎಂಬ ಕಲ್ಪನೆಯೇ ಈ ಶೈಲಿಯ ಬುನಾದಿ. ಸ್ವಂತ ಜಾಲತಾಣಕ್ಕೆ ಈ ಉಡುಪು ತೊಡಿಸಹೊರಟವರು ಸಾಮಾನ್ಯವಾಗಿ ಮಾಡುವುದೆಂದರೆ, ಸಿದ್ಧ ಹಲ್ಲುಚಕ್ರಗಳ ಚಿತ್ರಗಳನ್ನು ಇಳಿಸಿಕೊಂಡು ಪುಟದ ಮೂಲೆಮೂಲೆಗೂ ಅಂಟಿಸುವುದು. ಯಾವುದಕ್ಕೂ ತಾಗದೆ, ಯಾವುದನ್ನೂ ತಿರುಗಿಸದೆ ತೇಲುವ ಅಂಥ ಚಕ್ರ ಕಣ್ಣಿಗೆ ಕೂಡಲೇ ಸುಳ್ಳೆನಿಸುತ್ತದೆ. ಪುಟದ ಮೇಲೆ ಇಡುವ ಪ್ರತಿಯೊಂದು ಭಾಗವೂ ಏನೋ ಒಂದು ಕೆಲಸ ಮಾಡುತ್ತಿರುವಂತೆ ಕಾಣಬೇಕು ಎಂಬ ಒಂದೇ ನಿಯಮವನ್ನು ಹಿಡಿದರೆ ಮಿಕ್ಕ ನಿರ್ಧಾರಗಳು ಬಹುಮಟ್ಟಿಗೆ ಸುಲಭವಾಗುತ್ತವೆ.

ಆದ್ದರಿಂದ ಚಿತ್ರ ಬರೆಯುವ ಮೊದಲು ನಿಜವಾದ ಯಂತ್ರಗಳನ್ನು ನೋಡುವುದು ಒಳ್ಳೆಯದು. ಮೈಸೂರಿನಲ್ಲಿ 1979ರಿಂದ ಇರುವ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಗಿಬಂಡಿಗಳ ಹತ್ತಿರವೇ ನಿಂತು ಫೋಟೋ ತೆಗೆಯಬಹುದು. ಅಲ್ಲಿ ಗಮನಿಸಬೇಕಾದದ್ದು ಒಟ್ಟು ನೋಟಕ್ಕಿಂತ ಜೋಡಣೆಯ ವಿವರಗಳನ್ನು. ತಗಡುಗಳನ್ನು ಬಿಗಿಯುವ ಗುಂಡುತಲೆಯ ಮೊಳೆಗಳಾದ ರಿವೆಟ್‌ಗಳು ಮನಬಂದಲ್ಲಿ ಇರುವುದಿಲ್ಲ. ಎರಡು ತಗಡುಗಳು ಒಂದರ ಮೇಲೊಂದು ಬರುವ ಅಂಚಿನಲ್ಲಿ, ಸಮಾನ ಅಂತರದಲ್ಲಿ, ಸಾಲಾಗಿ ಇರುತ್ತವೆ. ಕೊಳವೆ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರುತ್ತದೆ. ತಿರುವಿನಲ್ಲಿ ಅದಕ್ಕೊಂದು ಜೋಡಣೆಯ ಪಟ್ಟಿ ಇರುತ್ತದೆ. ನಿಮ್ಮ ಪುಟದ ಎಡಬದಿಯ ಪಟ್ಟಿಯೂ ಮುಖ್ಯ ಬರಹದ ಚೌಕಟ್ಟೂ ಕೂಡುವ ಗೆರೆಯಲ್ಲಿ ರಿವೆಟ್ ಸಾಲು ಬಂದರೆ ಅದು ಒಪ್ಪುತ್ತದೆ. ಬರಹದ ನಡುವೆ ಬಂದರೆ ಒಪ್ಪುವುದಿಲ್ಲ.

ಬಣ್ಣಗಳ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹಳೆಯ ಕಾಗದದ ತಿಳಿಹಳದಿ, ತೊಗಲಿನ ಕಡುಗಂದು, ಹಿತ್ತಾಳೆ, ತಾಮ್ರ, ಜೊತೆಗೆ ತಾಮ್ರದ ಕಿಲುಬಿನ ಹಸಿರು ಒಂದಿಷ್ಟು ಇದ್ದರೆ ಸಾಕು. ಎಚ್ಚರ ಬೇಕಾದದ್ದು ಓದುವ ಬರಹದಲ್ಲಿ. ತೆರೆಯ ಬಣ್ಣಗಳನ್ನು ಅಳೆಯುವ 0ಯಿಂದ 255ರ ಮಾಪನದಲ್ಲಿ ಕೆಂಪು 243, ಹಸಿರು 231, ನೀಲಿ 205 ಪ್ರಮಾಣದ ಕಾಗದದ ಬಣ್ಣದ ಮೇಲೆ, ಅದೇ ಕ್ರಮದಲ್ಲಿ 184, 115, 51ರ ತಾಮ್ರದ ಬಣ್ಣದಲ್ಲಿ ಅಕ್ಷರ ಬರೆದರೆ ಅವೆರಡರ ಹೊಳಪಿನ ಅನುಪಾತ ಸುಮಾರು 3.1 ಮಾತ್ರ, ಸಣ್ಣ ಬರಹಕ್ಕೆ ಜಾಲದ ಸುಲಭಬಳಕೆಯ ಮಾರ್ಗಸೂಚಿ ಕೇಳುವುದು 4.5. ಅದೇ ಕಾಗದದ ಮೇಲೆ 43, 29, 14ರ ಕಡುಗಂದು ಬಳಸಿದರೆ ಅನುಪಾತ 13ನ್ನು ದಾಟುತ್ತದೆ. ಲೋಹದ ಬಣ್ಣಗಳು ತಲೆಬರಹಕ್ಕೂ ಅಲಂಕಾರಕ್ಕೂ ಮೀಸಲಾಗಿರಲಿ.

ಇನ್ನು ಹಲ್ಲುಚಕ್ರ. ಇದನ್ನು ಕೈಯಲ್ಲಿ ಅಂದಾಜಿಗೆ ಬರೆಯುವ ಬದಲು ಲೆಕ್ಕ ಹಾಕಿಯೇ ಬರೆಯಬೇಕು, ಏಕೆಂದರೆ ಒಂದಕ್ಕೊಂದು ಕೂಡಿಕೊಳ್ಳುವ ಎರಡು ಚಕ್ರಗಳ ಹಲ್ಲಿನ ಗಾತ್ರ ಒಂದೇ ಆಗಿರಬೇಕು. ಚಕ್ರ ದೊಡ್ಡದಾದಂತೆ ಹೆಚ್ಚಬೇಕಾದದ್ದು ಹಲ್ಲುಗಳ ಸಂಖ್ಯೆಯೇ ಹೊರತು ಹಲ್ಲಿನ ಗಾತ್ರವಲ್ಲ. ಯಂತ್ರಶಾಸ್ತ್ರದಲ್ಲಿ ಹಲ್ಲಿನ ಗಾತ್ರವನ್ನು ಮಾಡ್ಯೂಲ್ ಎಂಬ ಅಳತೆಯಿಂದ ಹೇಳುತ್ತಾರೆ. ಮಾಡ್ಯೂಲನ್ನು 6 ಪಿಕ್ಸೆಲ್ ಎಂದಿಟ್ಟುಕೊಂಡರೆ, 54 ಹಲ್ಲಿನ ಚಕ್ರದ ಪಿಚ್ ವೃತ್ತದ (ಎರಡು ಚಕ್ರಗಳು ಒಂದನ್ನೊಂದು ತಾಗುವ ಕಾಲ್ಪನಿಕ ವೃತ್ತದ) ವ್ಯಾಸ 54ರ ಆರು ಪಟ್ಟು, ಎಂದರೆ 324 ಪಿಕ್ಸೆಲ್, 18 ಹಲ್ಲಿನದು 108 ಪಿಕ್ಸೆಲ್ ಆಗುತ್ತದೆ. ಎರಡೂ ಚಕ್ರಗಳ ಕೇಂದ್ರಗಳ ನಡುವಿನ ದೂರ ಈ ವ್ಯಾಸಗಳ ಮೊತ್ತದ ಅರ್ಧ, ಅಂದರೆ 216 ಪಿಕ್ಸೆಲ್. ಹಲ್ಲಿನ ತುದಿ ಪಿಚ್ ವೃತ್ತದಿಂದ ಒಂದು ಮಾಡ್ಯೂಲಿನಷ್ಟು ಹೊರಗೂ, ಸಂದಿಯ ತಳ ಒಂದೂಕಾಲು ಮಾಡ್ಯೂಲಿನಷ್ಟು ಒಳಗೂ ಇರುತ್ತದೆ. ಆ ಕಾಲು ಭಾಗದ ಸಡಿಲದಿಂದಲೇ ಹಲ್ಲು ತಳಕ್ಕೆ ಉಜ್ಜುವುದಿಲ್ಲ. ಚಿತ್ರ ಬರೆಯುವ ಉಚಿತ ತಂತ್ರಾಂಶವಾದ ಇಂಕ್‌ಸ್ಕೇಪ್‌ನ ಎಕ್ಸ್‌ಟೆನ್ಷನ್ಸ್ ಪಟ್ಟಿಯ ರೆಂಡರ್ ವಿಭಾಗದಲ್ಲಿ ಗಿಯರ್ ಬರೆಯುವ ಸಾಧನ ಇದ್ದೇ ಇದೆ. ಎರಡೂ ಚಕ್ರಗಳಿಗೆ ಹಲ್ಲಿನ ಅಂತರವನ್ನೂ ಹಲ್ಲಿನ ಬದಿಯ ಓರೆಯನ್ನು ನಿರ್ಧರಿಸುವ ಒತ್ತಡದ ಕೋನವನ್ನೂ ಒಂದೇ ಆಗಿ ಕೊಡುವುದನ್ನು ಮಾತ್ರ ಮರೆಯಬಾರದು.

ಎರಡನ್ನೂ ಅಕ್ಕಪಕ್ಕ ಇಟ್ಟಾಗ ಹಲ್ಲಿಗೆ ಹಲ್ಲೇ ಎದುರಾಗಿದ್ದರೆ ಚಿಕ್ಕದನ್ನು ಅರ್ಧ ಹಲ್ಲಿನಷ್ಟು, ಎಂದರೆ 10 ಡಿಗ್ರಿ, ತಿರುಗಿಸಿದರೆ ಅದರ ಹಲ್ಲು ದೊಡ್ಡದರ ಸಂದಿಗೆ ಸರಿಯಾಗಿ ಕೂರುತ್ತದೆ. ಚಲನೆ ಕೊಡುವುದಾದರೆ ದೊಡ್ಡ ಚಕ್ರದ ಒಂದು ಸುತ್ತಿಗೆ 18 ಸೆಕೆಂಡ್, ಚಿಕ್ಕದಕ್ಕೆ 6 ಸೆಕೆಂಡ್, ದಿಕ್ಕು ಪರಸ್ಪರ ವಿರುದ್ಧ, ವೇಗ ಏಕರೂಪ ಎಂದು ಪುಟದ ರೂಪವನ್ನು ನಿರ್ಧರಿಸುವ ಸ್ಟೈಲ್‌ಶೀಟ್‌ನಲ್ಲಿ ಬರೆದರಾಯಿತು. ಮೂರು ಚಕ್ರಗಳನ್ನು ತ್ರಿಕೋನವಾಗಿ ಒಂದಕ್ಕೊಂದು ಕೂಡಿಸಿದ ಚಿತ್ರಗಳು ಜಾಲದಲ್ಲಿ ಬೇಕಾದಷ್ಟಿವೆ. ಅಂಥ ಜೋಡಣೆ ನಿಜದಲ್ಲಿ ಒಂದಿಂಚೂ ಅಲುಗಾಡದು, ಏಕೆಂದರೆ ಕೂಡಿದ ಚಕ್ರಗಳು ವಿರುದ್ಧ ದಿಕ್ಕಿಗೆ ತಿರುಗಬೇಕಾದ್ದರಿಂದ ಮೂರನೆಯದಕ್ಕೆ ಹೋಗಲು ದಿಕ್ಕೇ ಉಳಿಯುವುದಿಲ್ಲ. ಅಲುಗಾಟ ಕಂಡರೆ ತಲೆಸುತ್ತುವವರೂ ಓದುಗರಲ್ಲಿ ಇರುತ್ತಾರಾದ್ದರಿಂದ, ಚಲನೆ ಕಡಿಮೆ ಇರಲಿ ಎಂದು ಸಾಧನದಲ್ಲಿ ಆಯ್ದುಕೊಂಡವರಿಗೆ ಚಕ್ರಗಳು ನಿಂತೇ ಇರುವಂತೆ ಮಾಡುವುದು ಅಗತ್ಯ.

ಅಕ್ಷರವಿನ್ಯಾಸದ ಮಾದರಿ ದೊರೆಯುವುದು ಆ ಕಾಲದ ಭಿತ್ತಿಪತ್ರಗಳಲ್ಲಿ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಅಚ್ಚುಮೊಳೆಗಳನ್ನು ಯಂತ್ರದಿಂದ ಕೊರೆಯತೊಡಗಿದ ಮೇಲೆ ಗೇಣುದ್ದದ ಅಕ್ಷರಗಳೂ ಅಗ್ಗವಾದವು. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಎರಕಶಾಲೆಯಿಂದ 1845ರಲ್ಲಿ ಕ್ಲಾರೆಂಡನ್ ಎಂಬ ದಪ್ಪಪಾದದ, ಎಂದರೆ ಗೆರೆಗಳ ತುದಿಯಲ್ಲಿ ದಪ್ಪನೆಯ ಅಡ್ಡಪಟ್ಟಿಯಿರುವ, ಅಕ್ಷರ ಬಂತು. ಒಂದೇ ಹಾಳೆಯಲ್ಲಿ ಐದಾರು ಬಗೆಯ ಅಕ್ಷರಗಳು ಕಾಣುವುದು ಬರಿಯ ಆಡಂಬರವಲ್ಲ. ಪ್ರತಿ ಸಾಲೂ ಹಾಳೆಯ ಅಗಲವನ್ನು ತುಂಬಬೇಕಾಗಿದ್ದರಿಂದ ಚಿಕ್ಕ ಪದಕ್ಕೆ ಅಗಲದ ಅಕ್ಷರ, ಉದ್ದದ ಪದಕ್ಕೆ ಕಿರಿದಾದ ಅಕ್ಷರ ಎಂದು ಮುದ್ರಕರು ಆಯ್ದುಕೊಳ್ಳುತ್ತಿದ್ದರು. ಕನ್ನಡದಲ್ಲಿ ಇದನ್ನು ಸಾಧಿಸಲು ಅನೇಕ್ ಕನ್ನಡ ಫಾಂಟ್ ತುಂಬ ಅನುಕೂಲ, ಏಕೆಂದರೆ ಅದರಲ್ಲಿ ದಪ್ಪವನ್ನಷ್ಟೇ ಅಲ್ಲದೆ ಅಗಲವನ್ನೂ ಬೇಕಾದಂತೆ ಬದಲಿಸಬಹುದು.

ಆದರೆ ಇಂಗ್ಲಿಷಿನ ದಪ್ಪಪಾದಗಳನ್ನು ತಂದು ಕನ್ನಡದ ಅಕ್ಷರಗಳಿಗೆ ಜೋಡಿಸುವುದು ನನಗೆ ಒಪ್ಪಿಗೆಯಾಗದ ವಿಷಯ. ಪಾದವೇ ಇಲ್ಲದ ದುಂಡನೆಯ ಅಕ್ಷರಕ್ಕೆ ಇಟ್ಟಿಗೆ ಕಟ್ಟಿದ ಹಾಗೆ ಅದು ಕಾಣುತ್ತದೆ. ನಮ್ಮಲ್ಲಿಯೂ ಅದೇ ಶತಮಾನದ ಮುದ್ರಣವಿದೆ. 1843ರಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದದ್ದು, ಎಂದರೆ ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನ ಮೇಲಿಂದ ಹಾಳೆಗೆ ಇಳಿದದ್ದು. ಹಾಗಾಗಿ ಅಲಂಕಾರವನ್ನು ಅಕ್ಷರದ ಸ್ವಂತ ರಚನೆಯಿಂದಲೇ ಬೆಳೆಸುವುದು ಸರಿಯಾದ ದಾರಿ.

‘ಯಂತ್ರಶಾಲೆ’ ಎಂಬ ತಲೆಬರಹವನ್ನೇ ತೆಗೆದುಕೊಳ್ಳೋಣ. ‘ಯಂ’ನ ಸೊನ್ನೆ ತಾನಾಗಿಯೇ ಒತ್ತಡಮಾಪಕದ ಮುಖ: ಅಂಚಿಗೆ ಹಿತ್ತಾಳೆಯ ಬಳೆ, ಒಳಗೆ ಬಿಳಿಯ ಫಲಕ, ಒಂದು ಮುಳ್ಳು. ‘ತ್ರ’ದಲ್ಲಿ ತಲೆಕಟ್ಟು ಸ್ಪಷ್ಟವಾಗಿರುವುದರಿಂದ ಅದನ್ನು ಬೇರೆಯೇ ತಗಡಾಗಿ ಮಾಡಿ, ಅಕ್ಷರದ ಒಡಲಿಗೆ ಸೇರುವೆಡೆ ಒಂದೇ ಒಂದು ರಿವೆಟ್ ಹಾಕಬಹುದು. ಆದರೆ ನಾಗರಿಯ ಶಿರೋರೇಖೆಯಂತೆ ಪದದುದ್ದಕ್ಕೂ ಒಂದು ಕೊಳವೆ ಎಳೆಯುವ ಆಸೆಯನ್ನು ಬಿಡಬೇಕು. ಬ, ಲ, ಜ, ಟ, ಣ ಮೊದಲಾದವಕ್ಕೆ ತಲೆಕಟ್ಟೇ ಇಲ್ಲ, ಇರುವವಕ್ಕೂ ಅದು ಪಕ್ಕದ ಅಕ್ಷರಕ್ಕೆ ತಾಗುವುದಿಲ್ಲ. ಕೆಳಗಿರುವ ರ ಒತ್ತಿನ ಬಗ್ಗೆ ಇನ್ನೂ ಜಾಗ್ರತೆ ಬೇಕು. ಅಕ್ಷರಕ್ಕೆ ದಪ್ಪದ ಭ್ರಮೆ ಕೊಡಲು ಕೆಳಬಲಕ್ಕೆ ನೆರಳು ಚಾಚುವಾಗ ಮೇಲಿನ ‘ತ’ದ ನೆರಳು ಒತ್ತಿನ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತವೆ. ಒತ್ತಿಗೂ ಮೇಲಿನ ಅಕ್ಷರಕ್ಕೂ ನಡುವಿನ ಸಂದಿಯ ಅರ್ಧಕ್ಕಿಂತ ನೆರಳಿನ ಆಳ ಕಡಿಮೆಯಿರಲಿ. ಬರಹವನ್ನು ಕಮಾನಿನಂತೆ ಬಾಗಿಸುವುದಾದರೂ ಒತ್ತುಗಳು ಒಳಬದಿಯಲ್ಲಿ ಒಂದಕ್ಕೊಂದು ಹತ್ತಿರವಾಗುವುದರಿಂದ ಕಮಾನು ಆದಷ್ಟು ಚಪ್ಪಟೆಯಾಗಿರಬೇಕು.

ಇಂಕ್‌ಸ್ಕೇಪ್‌ನಲ್ಲಿ ಪದವನ್ನು ಮೊದಲು ಸಂಪೂರ್ಣವಾಗಿ ಟೈಪಿಸಿ, ಒತ್ತುಗಳೆಲ್ಲ ಸರಿಯಾಗಿ ಕೂಡಿವೆಯೆಂದು ನೋಡಿಕೊಂಡ ಮೇಲಷ್ಟೇ ಪಾತ್ ಆಗಿ, ಎಂದರೆ ಟೈಪಿಸಿದ ಪಠ್ಯವನ್ನು ಬರಿಯ ಗೆರೆಗಳ ಆಕಾರವಾಗಿ, ಪರಿವರ್ತಿಸಬೇಕು. ಬಳಿಕ ಎಲ್ಲ ಅಕ್ಷರಗಳನ್ನು ಯೂನಿಯನ್ ಮಾಡಿ ಒಂದೇ ಆಕಾರವಾಗಿಸಿದರೆ ಬಣ್ಣದ ಏರಿಳಿತ ಇಡೀ ಪದದ ಮೇಲೆ ಒಂದೇ ಮಟ್ಟದಲ್ಲಿ ಹಾಯುತ್ತದೆ. ಲೋಹದ ಹೊಳಪಿನ ಗುಟ್ಟು ನಯವಾದ ಗ್ರೇಡಿಯಂಟ್‌ನಲ್ಲಿ ಇಲ್ಲ. ಉಜ್ಜಿದ ಹಿತ್ತಾಳೆಯಲ್ಲಿ ಆಕಾಶವೂ ನೆಲವೂ ಪ್ರತಿಫಲಿಸುವುದರಿಂದ ಅವೆರಡರ ನಡುವೆ ಚೂಪಾದ ಗಡಿ ಕಾಣುತ್ತದೆ. ಮೇಲಿನಿಂದ 138, 96, 38ರಲ್ಲಿ ಆರಂಭಿಸಿ 244, 221, 150ರ ತಿಳಿಗೆ ಏರಿ, ಅದೇ ಬಿಂದುವಿನಲ್ಲಿ ಥಟ್ಟನೆ 110, 72, 28ಕ್ಕೆ ಇಳಿದು, ಮತ್ತೆ ನಿಧಾನವಾಗಿ 200, 158, 84ಕ್ಕೆ ಬರುವಂತೆ ಮಾಡಿ. ಈ ಗಡಿ ಅಕ್ಷರದ ಒಡಲಿನ ನಡುವೆ ಬರಬೇಕು. ಒತ್ತೂ ಸೇರಿದ ಒಟ್ಟು ಎತ್ತರದ ನಡುವನ್ನು ಹಿಡಿದರೆ ಅದು ಕೆಳಕ್ಕೆ ಜಾರುತ್ತದೆ. ಕೊನೆಗೆ ಆಕಾರವನ್ನು ಒಳಮುಖವಾಗಿ ಎರಡು ಮೂರು ಪಿಕ್ಸೆಲ್ ಕುಗ್ಗಿಸಿ ಅದರ ಅಂಚನ್ನು ತೆಳು ಗೆರೆಯಾಗಿ ಬಿಟ್ಟರೆ ಕೆತ್ತನೆಯ ನೋಟ ಬರುತ್ತದೆ.

ಓದುವ ಬರಹಕ್ಕೆ ಟೈರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಸಾಕು. ಸಾಲುಗಳ ಅಂತರ ಅಕ್ಷರದ ಗಾತ್ರದ 1.7ರಷ್ಟಿದ್ದರೆ ಒತ್ತುಗಳಿಗೂ ಕೆಳಸಾಲಿನ ಗುಡಿಸುಗಳಿಗೂ ಜಗಳವಿರುವುದಿಲ್ಲ. ತೊಗಲು, ಮರಗಳ ಹಿನ್ನೆಲೆಯನ್ನು ಬರಹದ ಕೆಳಗೆ ಹಾಸುವುದು ಬೇಡ. ತಲೆಬರಹವನ್ನು ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಕಡತವಾಗಿ ಉಳಿಸಿ, ಚಿತ್ರದ ಬದಲಿ ಪಠ್ಯವಾಗಿ ಅದೇ ಪದವನ್ನು ಯೂನಿಕೋಡ್‌ನಲ್ಲಿ ಬರೆಯಬೇಕು. ಇಲ್ಲವಾದರೆ ಹುಡುಕುಯಂತ್ರಕ್ಕೂ ತೆರೆ ಓದುವ ತಂತ್ರಾಂಶಕ್ಕೂ ನಿಮ್ಮ ತಾಣದ ಹೆಸರೇ ಸಿಗುವುದಿಲ್ಲ. ಗುಂಡಿಗಳನ್ನು ಒತ್ತಿದಾಗ ಎರಡು ಪಿಕ್ಸೆಲ್ ಕೆಳಗಿಳಿದು ನೆರಳು ಕುಗ್ಗಲಿ. ಸಣ್ಣ ಮೊಬೈಲ್ ತೆರೆಯಲ್ಲಿ ಚಕ್ರಗಳನ್ನು ಮರೆಮಾಡಿ, ಒಳಗೆರೆಯೂ ರಿವೆಟ್ಟೂ ಇಲ್ಲದ ಸರಳ ತಲೆಬರಹವನ್ನು ತೋರಿಸಬೇಕು. ಬ್ರೌಸರ್ ಪಟ್ಟಿಯಲ್ಲಿ ಬರುವ 32 ಪಿಕ್ಸೆಲ್‌ನ ಗುರುತಿಗಂತೂ ಪೂರ್ತಿ ಪದ ಹಿಡಿಸುವುದಿಲ್ಲ. ‘ಯಂ’ನ ಆ ಸೊನ್ನೆಯನ್ನು ಮುಳ್ಳಿನ ಸಮೇತ ಒಂದೇ ಬಣ್ಣದಲ್ಲಿ ಬರೆದರೆ ಅಷ್ಟು ಚಿಕ್ಕ ಜಾಗದಲ್ಲಿಯೂ ಗುರುತು ಸಿಗುತ್ತದೆ.